ಎಷ್ಟು ಬಿಗಿ? ಟಾರ್ಕ್ ವ್ರೆಂಚಿನ ಮೂಲಕ ಬಲಭ್ರಾಮಕದ ಬೋಧನೆ

ಪ್ರೌಢಶಾಲೆಯಲ್ಲಿ ಬಲದ ತಿರುಗಿಸುವ ಪರಿಣಾಮವನ್ನು ಬೋಧಿಸುವಾಗ ನಾವು ಮೂರು ಉದಾಹರಣೆಗಳನ್ನು ತಪ್ಪದೆ ಕೊಡುತ್ತೇವೆ: ಬಾಗಿಲು, ಸೀಸಾ, ಸ್ಪ್ಯಾನರು. ಹಿಡಿಕೆ ಉದ್ದವಾದಷ್ಟೂ ನಟ್ಟನ್ನು ತಿರುಗಿಸುವುದು ಸುಲಭ ಎಂಬ ವಾಕ್ಯವನ್ನು ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಬಲವನ್ನು ಲಂಬ ದೂರದಿಂದ ಗುಣಿಸುವ ಒಂದೆರಡು ಲೆಕ್ಕಗಳನ್ನು ಮಾಡುತ್ತಾರೆ. ಪಾಠ ಅಲ್ಲಿಗೆ ಮುಗಿಯುತ್ತದೆ. ನಟ್ಟನ್ನು ಎಷ್ಟರವರೆಗೆ ತಿರುಗಿಸಬೇಕು ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದೇ ಇಲ್ಲ. ಕಾರ್ಯಾಗಾರದಲ್ಲಾದರೋ ಮೊದಲು ಏಳುವುದೇ ಆ ಪ್ರಶ್ನೆ.

ನಮ್ಮ ಶಾಲೆಗಳ ಮಕ್ಕಳಿಗೆ ಇದು ದೂರದ ವಿಷಯವಲ್ಲ. ಹೊಸೂರಿನಲ್ಲಿ ಟಿವಿಎಸ್ ಕಂಪನಿಯ ದ್ವಿಚಕ್ರ ವಾಹನಗಳೂ ಅಶೋಕ್ ಲೇಲ್ಯಾಂಡ್ ಕಂಪನಿಯ ಲಾರಿಗಳೂ ತಯಾರಾಗುತ್ತವೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಐ.ಟಿ.ಐ. ಸೇರುವ ಬಾಲಕ ಬಾಲಕಿಯರು ಎಲ್ಲ ಗಡಿಭಾಗಗಳಲ್ಲೂ ಇದ್ದಾರೆ. ಅಲ್ಲಿ ಅವರಿಗೆ ನಕ್ಷೆಯ ಮೂಲೆಯಲ್ಲಿ ‘25 ನ್ಯೂಟನ್ ಮೀಟರ್’ ಎಂಬ ಅಂಕಿ ಎದುರಾಗುತ್ತದೆ. ತಾವು ಪರೀಕ್ಷೆಗೆಂದು ಕಲಿತ ಬಲಭ್ರಾಮಕವೇ ಅದು ಎಂದು ಎಷ್ಟು ಮಂದಿಗೆ ಹೊಳೆಯುತ್ತದೆ? ಹೊಳೆಯದಿದ್ದರೆ ಕೊರತೆ ಮಗುವಿನದಲ್ಲ. ಪಾಠವನ್ನು ನಾವು ಸ್ಪ್ಯಾನರಿನ ಚಿತ್ರದಲ್ಲಿಯೇ ನಿಲ್ಲಿಸಿದ್ದೇವೆ. ಅದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಲು ಟಾರ್ಕ್ ವ್ರೆಂಚ್ ಎಂಬ ಸರಳ ಉಪಕರಣ ಸಾಕಾಗುತ್ತದೆ.

ಬೋಲ್ಟು ಒಂದು ಸ್ಪ್ರಿಂಗು

ಬೋಲ್ಟು ಎಂದರೆ ಎರಡು ಭಾಗಗಳನ್ನು ತೂರಿ ನಿಲ್ಲುವ ಗೂಟವೆಂಬ ಭಾವನೆ ಮಕ್ಕಳಲ್ಲಿ ಮಾತ್ರವಲ್ಲ, ದೊಡ್ಡವರಲ್ಲಿಯೂ ಇದೆ. ಇದನ್ನು ಮೊದಲು ತಿದ್ದಬೇಕು. ನಟ್ಟನ್ನು ಬಿಗಿಯುತ್ತ ಹೋದಂತೆ ಉಕ್ಕಿನ ಬೋಲ್ಟು ಅತಿ ಸ್ವಲ್ಪ ಹಿಗ್ಗುತ್ತದೆ. ಹಿಗ್ಗಿದ ಬೋಲ್ಟು ಹಿಂದಕ್ಕೆ ಕುಗ್ಗಲು ಹವಣಿಸುತ್ತದೆ. ಆ ಹವಣಿಕೆಯೇ ಎರಡು ಭಾಗಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತದೆ. ವಾಹನದ ಚಕ್ರವನ್ನು ನೋಡಿ. ಬಿಗಿದ ಬೋಲ್ಟುಗಳು ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತವೆ. ಆ ಒತ್ತಿನಿಂದ ಹುಟ್ಟುವ ಘರ್ಷಣೆ ಚಕ್ರವನ್ನು ಜಾರದಂತೆ ಕಾಯುತ್ತದೆ. ಒತ್ತು ಸಾಲದಿದ್ದರೆ ಚಕ್ರ ಅತ್ತಿತ್ತ ಮಿಸುಕುತ್ತದೆ. ಮಿಸುಕಿದಾಗಲೆಲ್ಲ ಬೋಲ್ಟು ಬಾಗಿ ನೆಟ್ಟಗಾಗುತ್ತ ಕೊನೆಗೆ ದಣಿದು ತುಂಡಾಗುತ್ತದೆ, ಇಲ್ಲವೆ ನಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಹಿಗ್ಗುವಿಕೆ ಎಷ್ಟು? 10 ಮಿ.ಮೀ. ವ್ಯಾಸದ, 50 ಮಿ.ಮೀ. ಉದ್ದ ಹಿಡಿತಕ್ಕೆ ಸಿಕ್ಕ ಉಕ್ಕಿನ ಬೋಲ್ಟನ್ನು ಸುಮಾರು 50 ನ್ಯೂಟನ್ ಮೀಟರಿಗೆ ಬಿಗಿದರೆ ಅದು 0.1 ಮಿ.ಮೀ. ಆಸುಪಾಸು ಹಿಗ್ಗುತ್ತದೆ. ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪದಷ್ಟು. ಅಷ್ಟಕ್ಕೇ ಅದು ಒತ್ತುವ ಬಲ ಸುಮಾರು 25,000 ನ್ಯೂಟನ್, ಅಂದರೆ ಎರಡೂವರೆ ಟನ್ ತೂಕಕ್ಕೆ ಸಮ. ಬೆರಳಿನ ಗಾತ್ರದ ಬೋಲ್ಟು ಒಂದು ಆನೆಯ ಭಾರದಷ್ಟು ಒತ್ತುತ್ತದೆ ಎಂದರೆ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತುತ್ತಾರೆ.

ಹುಕ್ಕನ ನಿಯಮವನ್ನು ಈಗಾಗಲೇ ಬೋಧಿಸಿದ್ದರೆ ಇಲ್ಲಿ ನೆನಪಿಸಬಹುದು. ಮಿತಿಯೊಳಗೆ ಎಳೆದ ಸ್ಪ್ರಿಂಗು ಮೊದಲಿನ ಉದ್ದಕ್ಕೆ ಮರಳುತ್ತದೆ. ಮಿತಿ ಮೀರಿ ಎಳೆದದ್ದು ಮರಳುವುದಿಲ್ಲ. ಅತಿಯಾಗಿ ಬಿಗಿದ ಬೋಲ್ಟಿನ ಸ್ಥಿತಿಯೂ ಇದೇ. ಸಡಿಲ ಬೋಲ್ಟು ಕೈಗೆ ಸಿಗುತ್ತದೆ, ಕಿವಿಗೂ ಕೇಳುತ್ತದೆ. ಅತಿ ಬಿಗಿದ ಬೋಲ್ಟು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ನನ್ನ ದೃಷ್ಟಿಯಲ್ಲಿ ಎರಡರಲ್ಲಿ ಹೆಚ್ಚು ಅಪಾಯಕಾರಿಯಾದುದು ಈ ಎರಡನೆಯದು.

ಕೆಲವು ಬೋಲ್ಟುಗಳ ತಲೆಯ ಮೇಲೆ 8.8 ಎಂದು ಅಚ್ಚಾಗಿರುತ್ತದೆ. ಅದು ಅಳತೆಯಲ್ಲ, ಬಲದ ದರ್ಜೆ. ಮೊದಲ 8ನ್ನು ನೂರರಿಂದ ಗುಣಿಸಿದರೆ 800: ಪ್ರತಿ ಚದರ ಮಿ.ಮೀ.ಗೆ ಅಷ್ಟು ನ್ಯೂಟನ್ ಎಳೆತದವರೆಗೆ ಅದು ತುಂಡಾಗದು. ಬಿಂದುವಿನ ನಂತರದ 8 ಎಂದರೆ ಅದರ ಹತ್ತರಲ್ಲಿ ಎಂಟು ಪಾಲು, ಎಂದರೆ 640: ಅಲ್ಲಿಂದಾಚೆಗೆ ಅದು ಶಾಶ್ವತವಾಗಿ ಹಿಗ್ಗಿಬಿಡುತ್ತದೆ. ಈ ದರ್ಜೆಯ ಬೋಲ್ಟಿಗೆ ಸಾಮಾನ್ಯವಾಗಿ ಹೇಳುವ ಬಿಗಿತ, 6 ಮಿ.ಮೀ.ಗೆ ಸುಮಾರು 10, 8 ಮಿ.ಮೀ.ಗೆ 25, 10 ಮಿ.ಮೀ.ಗೆ 50 ನ್ಯೂಟನ್ ಮೀಟರ್. ವ್ಯಾಸ ಸ್ವಲ್ಪವೇ ಬೆಳೆದರೂ ಬಿಗಿತ ಹೇಗೆ ಬೆಳೆಯುತ್ತದೆಂದು ಗಣಿತದ ಶಿಕ್ಷಕರು ಕೇಳಬಹುದು. ವ್ಯಾಸದ ಘನಕ್ಕೆ ಅನುಗುಣವಾಗಿ ಎಂಬ ಉತ್ತರವನ್ನು ಮಕ್ಕಳೇ ಕಂಡುಕೊಂಡರೆ ಸೊಗಸು.

ಉಪಕರಣ ಮತ್ತು ಅದರ ಬಳಕೆ

ನೆಲದಡಿಯ ನೀರಿನ ಕೊಳವೆಗಳ ಬೋಲ್ಟುಗಳನ್ನು ಕೆಲಸಗಾರರು ಅತಿಯಾಗಿ ಬಿಗಿದು ಹಾಳುಮಾಡುವುದನ್ನು ತಡೆಯಲು ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯ ಕಾನ್ರಾಡ್ ಬಾರ್ 1918ರಲ್ಲಿ ಟಾರ್ಕ್ ವ್ರೆಂಚನ್ನು ರೂಪಿಸಿದರು. ಇಂದು ಇದರಲ್ಲಿ ಹಲವು ಬಗೆಗಳಿವೆ. ನಿಗದಿತ ಬಿಗಿತ ಬಂದೊಡನೆ ‘ಟಕ್’ ಎನ್ನುವ ಬಗೆ ಗ್ಯಾರೇಜುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಬೋಧನೆಗೆ ಮಾತ್ರ ಮುಳ್ಳು ಮತ್ತು ಅಳತೆಪಟ್ಟಿ ಇರುವ ಸರಳ ಬಗೆಯೇ ಮೇಲು, ಏಕೆಂದರೆ ಅದರ ಒಳಗುಟ್ಟೆಲ್ಲ ಹೊರಗೇ ಕಾಣುತ್ತದೆ.

ಅದರಲ್ಲಿ ಎರಡು ಸರಳುಗಳಿವೆ. ದಪ್ಪನೆಯದರ ತುದಿಯಲ್ಲಿ ಹಿಡಿಕೆ ಇದೆ. ಎಳೆದಾಗ ಅದು ಬಾಗುತ್ತದೆ. ತೆಳ್ಳನೆಯದು ತಲೆಯ ಬಳಿ ಮಾತ್ರ ಅಂಟಿಕೊಂಡಿದೆ. ಅದರ ಮೇಲೆ ಯಾವ ಬಲವೂ ಬೀಳದ ಕಾರಣ ಅದು ನೆಟ್ಟಗೇ ನಿಲ್ಲುತ್ತದೆ. ದಪ್ಪ ಸರಳಿನೊಡನೆ ಅಳತೆಪಟ್ಟಿ ಸರಿಯುತ್ತದೆ, ತೆಳ್ಳನೆಯ ಮುಳ್ಳು ಅಂಕಿಯನ್ನು ತೋರಿಸುತ್ತದೆ. ಸರಿಯುವುದು ಮುಳ್ಳಲ್ಲ, ಪಟ್ಟಿ! ಹಿಡಿಕೆಯನ್ನು ಒಂದು ಗೂಟದ ಮೇಲೆ ಸಡಿಲವಾಗಿ ಕೂರಿಸಿರುವುದನ್ನೂ ಮಕ್ಕಳಿಗೆ ತೋರಿಸಬೇಕು. ಅಂಗೈ ಎಲ್ಲಿ ಹೇಗೆ ಒತ್ತಿದರೂ ಬಲವೆಲ್ಲ ಆ ಗೂಟದ ಬಿಂದುವಿನಲ್ಲಿಯೇ ಬೀಳಲಿ ಎಂಬುದು ಅದರ ಉದ್ದೇಶ. ಬಲಭ್ರಾಮಕದ ಸೂತ್ರದಲ್ಲಿ ‘ದೂರ’ ಎಂಬ ಪದವಿದೆಯಲ್ಲ, ಅದನ್ನು ಇಲ್ಲಿ ಲೋಹದಲ್ಲಿಯೇ ಗೊತ್ತುಮಾಡಿ ಇಟ್ಟಿದ್ದಾರೆ. ಎಳೆಯುವಾಗ ಹಿಡಿಕೆಯ ಅಂಚುಗಳು ಸರಳಿಗೆ ತಾಗಬಾರದು. ಹಿಡಿಕೆಗೆ ಪೈಪು ಸೇರಿಸಿ ಉದ್ದ ಮಾಡಿದರೆ ಅಂಕಿ ಸುಳ್ಳಾಗುತ್ತದೆ.

ಬಳಸುವ ಕ್ರಮ ಹೀಗಿದೆ. ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಬೇಕು. ಬೋಲ್ಟು ಮತ್ತು ನಟ್ಟಿನ ಥ್ರೆಡ್ಡುಗಳನ್ನು ತಂತಿಯ ಬ್ರಷ್ಷಿನಿಂದ ಶುಚಿಗೊಳಿಸಿ, ನಟ್ಟನ್ನು ಮೊದಲು ಬರಿಯ ಬೆರಳುಗಳಿಂದ ತಿರುಗಿಸಬೇಕು. ಮೊದಲ ಸುತ್ತುಗಳಲ್ಲೇ ಬಿಗಿಯಾದರೆ ಅದು ಓರೆಯಾಗಿ ಕೂತಿದೆಯೆಂದು ತಿಳಿದು ಬಿಚ್ಚಬೇಕು. ಆಮೇಲೆ ಸಾಧಾರಣ ಸ್ಪ್ಯಾನರಿನಿಂದ ತಾಗುವವರೆಗೆ ತಿರುಗಿಸಿ, ಕೊನೆಯಲ್ಲಿ ಮಾತ್ರ ಟಾರ್ಕ್ ವ್ರೆಂಚ್ ಹಿಡಿಯಬೇಕು. ನಿಧಾನವಾಗಿ, ಒಂದೇ ಸಮನೆ, ತನ್ನ ಕಡೆಗೆ ಎಳೆಯಬೇಕು. ಜಗ್ಗಿ ಎಳೆದರೆ ಮುಳ್ಳು ಹಾರುತ್ತದೆ, ಓದಿದ ಅಂಕಿಗೆ ಅರ್ಥವಿರುವುದಿಲ್ಲ. ನಟ್ಟು ತಿರುಗುತ್ತಿರುವಾಗಲೇ ಅಂಕಿಯನ್ನು ಓದಬೇಕು, ಏಕೆಂದರೆ ನಿಂತ ನಟ್ಟನ್ನು ಕದಲಿಸಲು ಹೆಚ್ಚು ಬಲ ಬೇಕಾಗುತ್ತದೆ. ಮುಳ್ಳಿನ ಮೇಲೆ ಕಣ್ಣು ನೇರವಾಗಿರಬೇಕು. ಉಷ್ಣತಾಮಾಪಕವನ್ನು ಓದುವಾಗ ನಾವು ಹೇಳಿಕೊಡುವ ಎಚ್ಚರವೇ ಇದು.

ಹಲವು ಬೋಲ್ಟುಗಳಿದ್ದಲ್ಲಿ ಒಂದನ್ನೇ ಪೂರ್ತಿ ಬಿಗಿಯಬಾರದು. ನಾಲ್ಕಿದ್ದರೆ ಕರ್ಣಗಳಂತೆ ಎದುರುಬದುರಾಗಿ, ಐದಿದ್ದರೆ ಕೈ ಎತ್ತದೆ ನಕ್ಷತ್ರ ಬಿಡಿಸುವ ಕ್ರಮದಲ್ಲಿ, ಎರಡು ಮೂರು ಹಂತಗಳಲ್ಲಿ ಬಿಗಿಯಬೇಕು. ಇಲ್ಲದಿದ್ದರೆ ಚಕ್ರ ಒಂದು ಬದಿಗೆ ವಾಲಿ ಕೂರುತ್ತದೆ. ಕಾರಿನ ಚಕ್ರಗಳಿಗೆ ಹಲವು ತಯಾರಕರು 90ರಿಂದ 120 ನ್ಯೂಟನ್ ಮೀಟರ್ ಹೇಳುತ್ತಾರೆ. ಆಯಾ ವಾಹನದ ಕೈಪಿಡಿಯ ಅಂಕಿಯೇ ಪ್ರಮಾಣ. ಹಳೆಯ ಕೈಪಿಡಿಗಳಲ್ಲಿ ಕಿಲೋಗ್ರಾಂ ಮೀಟರ್ ಎಂದಿದ್ದರೆ 9.8ರಿಂದ ಗುಣಿಸಬೇಕು. ಚಕ್ರ ಬದಲಿಸಿದ ಮೇಲೆ ಐವತ್ತು ನೂರು ಕಿಲೋಮೀಟರ್ ಓಡಿದ ನಂತರ ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು. ಶಾಲಾ ವಾಹನದ ಚಾಲಕರೊಡನೆ ಈ ಮಾತನ್ನು ಆಡಲು ವಿಜ್ಞಾನ ಶಿಕ್ಷಕರು ಸಂಕೋಚಪಡಬೇಕಾಗಿಲ್ಲ.

ಎಣ್ಣೆಯ ಆಟ

ಟಾರ್ಕ್ ವ್ರೆಂಚ್ ಅಳೆಯುವುದು ನಾವು ತಿರುಗಿಸುವ ಪರಿಣಾಮವನ್ನು; ನಮಗೆ ಬೇಕಾದದ್ದು ಬೋಲ್ಟಿನ ಎಳೆತ. ಇವೆರಡೂ ಒಂದೇ ಅಲ್ಲ. ನಾವು ಹಾಕಿದ ಶ್ರಮದಲ್ಲಿ ಸುಮಾರು ಅರ್ಧ ಭಾಗವನ್ನು ನಟ್ಟಿನ ಅಡಿಯ ಘರ್ಷಣೆ ನುಂಗುತ್ತದೆ. ಸುಮಾರು ನೂರಕ್ಕೆ ನಲವತ್ತು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸುವುದು ಉಳಿದ ಹತ್ತು ಪಾಲು ಮಾತ್ರ. ಆದುದರಿಂದ ಘರ್ಷಣೆ ತುಸು ಬದಲಾದರೂ ಫಲ ಬಹಳ ಬದಲಾಗುತ್ತದೆ. ಒಣ ಥ್ರೆಡ್ಡಿನಲ್ಲಿ 25,000 ನ್ಯೂಟನ್ ಒತ್ತು ತರುವ ಅದೇ 50 ನ್ಯೂಟನ್ ಮೀಟರ್, ಎಣ್ಣೆ ಹಚ್ಚಿದ ಥ್ರೆಡ್ಡಿನಲ್ಲಿ 33,000ದ ಹತ್ತಿರಕ್ಕೆ ಒಯ್ಯಬಹುದು. ಅದು 8.8 ದರ್ಜೆಯ ಬೋಲ್ಟಿನ ಮಿತಿಯ ಅಂಚು. ಮುಳ್ಳು ಸರಿಯಾದ ಅಂಕಿಯನ್ನೇ ತೋರಿಸುತ್ತಿದ್ದರೂ ಬೋಲ್ಟು ಅಪಾಯದಲ್ಲಿರುತ್ತದೆ. ತುಕ್ಕು ಹಿಡಿದಲ್ಲಿ ಇದಕ್ಕೆ ವ್ಯತಿರಿಕ್ತ: ಅಂಕಿ ತುಂಬಿರುತ್ತದೆ, ಬಿಗಿತ ಇರುವುದಿಲ್ಲ. ಕೈಪಿಡಿ ಹೇಳದ ಹೊರತು ಚಕ್ರದ ಬೋಲ್ಟಿಗೆ ಎಣ್ಣೆ ಹಚ್ಚಬಾರದೆನ್ನುವುದು ಇದೇ ಕಾರಣಕ್ಕೆ. ಮಾಪನವೆಂದರೆ ಅಂಕಿ ಓದುವುದಷ್ಟೇ ಅಲ್ಲ, ಅಂಕಿ ಯಾವುದರದು ಎಂದು ಕೇಳುವುದು ಎಂಬ ತಿಳಿವು ಮೂಡಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ.

ತರಗತಿಯಲ್ಲಿ

ಶಾಲೆಯಲ್ಲಿ ಟಾರ್ಕ್ ವ್ರೆಂಚ್ ಇಲ್ಲ ಎಂಬ ಆಕ್ಷೇಪ ಸಹಜ. ಒಂದು ರಿಂಗ್ ಸ್ಪ್ಯಾನರು ಮತ್ತು ಸ್ಪ್ರಿಂಗ್ ತ್ರಾಸು ಇದ್ದರೆ ನಾವೇ ಅದನ್ನು ಮಾಡಿಕೊಳ್ಳಬಹುದು. 10 ಮಿ.ಮೀ. ಬೋಲ್ಟು, ಎರಡು ಕಬ್ಬಿಣದ ಪಟ್ಟಿಗಳು, ನಡುವೆ ಹಳೆಯ ಟೈರಿನಿಂದ ಕತ್ತರಿಸಿದ ಎರಡು ದಪ್ಪ ತುಂಡುಗಳು ಬೇಕು. ರಬ್ಬರಿನ ತೂತು ಬೋಲ್ಟಿಗಿಂತ ದೊಡ್ಡದಿರಲಿ. ನಟ್ಟಿನ ಅಡಿ ಕಬ್ಬಿಣದ ವಾಷರ್ ಇರಲಿ. ಬೋಲ್ಟಿನ ತಲೆಯನ್ನು ಇನ್ನೊಂದು ಸ್ಪ್ಯಾನರಿನಿಂದ ಒಬ್ಬರು ಹಿಡಿದುಕೊಳ್ಳಲಿ. ಸ್ಪ್ಯಾನರಿನ ಮೇಲೆ, ನಟ್ಟಿನ ಮಧ್ಯದಿಂದ ಸರಿಯಾಗಿ 15 ಸೆಂ.ಮೀ. ದೂರದಲ್ಲಿ ಗಟ್ಟಿ ದಾರ ಕಟ್ಟಿ, ತ್ರಾಸಿನ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿ, ಸ್ಪ್ಯಾನರಿಗೆ ಲಂಬವಾಗಿ ಎಳೆಯಬೇಕು. ತ್ರಾಸು 2 ಕಿಲೋ ತೋರಿಸಿದಾಗ ಬಲ 19.6 ನ್ಯೂಟನ್, ಬಲಭ್ರಾಮಕ 2.94, ಅಂದರೆ ಸುಮಾರು 3 ನ್ಯೂಟನ್ ಮೀಟರ್. ಸ್ಪ್ಯಾನರು ತಿರುಗಿದಂತೆ ಎಳೆಯುವ ಕೈಯೂ ತಿರುಗುತ್ತ ಲಂಬಕೋನವನ್ನು ಕಾಯಬೇಕು. ಮೊದಮೊದಲು ಮಕ್ಕಳು ತಪ್ಪುವುದು ಇಲ್ಲಿಯೇ, ತಪ್ಪಿದಾಗ ಪಾಠವೂ ಆಗುತ್ತದೆ.

ದಾರವನ್ನು 7.5 ಸೆಂ.ಮೀ.ಗೆ ಸರಿಸಿದರೆ ಅದೇ ಬಿಗಿತಕ್ಕೆ ತ್ರಾಸು 4 ಕಿಲೋ ತೋರಿಸಬೇಕು. ಸ್ಪ್ಯಾನರಿಗೂ ದಾರಕ್ಕೂ ನಡುವಿನ ಕೋನವನ್ನು 30 ಡಿಗ್ರಿಗೆ ಇಳಿಸಿದರೆ ಪರಿಣಾಮ ಅರ್ಧಕ್ಕಿಳಿಯುತ್ತದೆ. ತ್ರಿಕೋನಮಿತಿ ಕಲಿಯುತ್ತಿರುವ ಹತ್ತನೆಯವರಿಗೆ ಇದರ ಕಾರಣವನ್ನು ಹೇಳದೆ ಬಿಡುವುದು ಲೇಸು, ಅವರೇ ಹೇಳಲಿ. ನಂತರ ಒಣ ಬೋಲ್ಟನ್ನು 2 ಕಿಲೋದವರೆಗೆ ಬಿಗಿದು ರಬ್ಬರಿನ ದಪ್ಪವನ್ನು ಅಳತೆಪಟ್ಟಿಯಿಂದ ಬರೆದಿಡಬೇಕು. ಬಿಚ್ಚಿ, ಥ್ರೆಡ್ಡಿಗೂ ವಾಷರಿಗೂ ಒಂದೆರಡು ಹನಿ ಎಣ್ಣೆ ಬಿಟ್ಟು, ಮತ್ತೆ 2 ಕಿಲೋದವರೆಗೆ ಬಿಗಿಯಬೇಕು. ತ್ರಾಸಿನ ಅಂಕಿ ಅದೇ. ರಬ್ಬರು ಮಾತ್ರ ಮೊದಲಿಗಿಂತ ಹೆಚ್ಚು ಅದುಮಿರುತ್ತದೆ. ಉಕ್ಕಿನ ಬೋಲ್ಟಿನಲ್ಲಿ ತಲೆಗೂದಲಿನಷ್ಟಿದ್ದ ಸಂಗತಿ ಇಲ್ಲಿ ಕಣ್ಣಿಗೇ ಕಾಣುತ್ತದೆ.

ನ್ಯೂಟನ್ ಮೀಟರ್ ಎಂದರೆ ಜೌಲ್ ಅಲ್ಲವೇ ಎಂದು ಚುರುಕಾದ ಮಗು ಕೇಳಿಯೇ ಕೇಳುತ್ತದೆ. ಕೆಲಸದಲ್ಲಿ ದೂರವು ಬಲದ ದಿಕ್ಕಿನಲ್ಲಿದೆ, ಬಲಭ್ರಾಮಕದಲ್ಲಿ ಬಲಕ್ಕೆ ಲಂಬವಾಗಿದೆ. ಬಿಗಿಯಾಗಿ ನಿಂತ ನಟ್ಟಿನ ಮೇಲೆ ಎಷ್ಟು ಹೊತ್ತು ಒತ್ತಿದರೂ ಬಲಭ್ರಾಮಕವಿದೆ, ಕೆಲಸವಿಲ್ಲ. ಆದುದರಿಂದಲೇ ಇದನ್ನು ಜೌಲ್ ಎಂದು ಬರೆಯುವ ರೂಢಿಯಿಲ್ಲ.

ಕೊನೆಗೆ ಪದಗಳ ವಿಷಯ. ಪಠ್ಯದಲ್ಲಿ ಬಲಭ್ರಾಮಕವೆಂದಿದ್ದರೆ ಅದರ ಪಕ್ಕದಲ್ಲಿ ಟಾರ್ಕ್ ಎಂಬುದನ್ನು ಕಪ್ಪುಹಲಗೆಯ ಮೇಲೆ ಕನ್ನಡ ಲಿಪಿಯಲ್ಲಿಯೇ ಬರೆಯಬೇಕು. ಎರಡೂ ಒಂದೇ ಎಂದು ಬಾಯಿಬಿಟ್ಟು ಹೇಳಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿಗಳ ಕಡೆಯ ಮಕ್ಕಳಿಗೆ ಸ್ಪ್ಯಾನರಿಗಿಂತ ‘ಪಾನಾ’ ಹತ್ತಿರದ ಮಾತು. ಪಾಠದಲ್ಲಿ ಅದನ್ನೇ ಬಳಸಿದರೆ ಕನ್ನಡಕ್ಕೆ ಕುಂದೇನೂ ಇಲ್ಲ. ಮನೆಗೆಲಸವಾಗಿ, ಊರಿನ ಸೈಕಲ್ ಅಂಗಡಿಗೋ ಗ್ಯಾರೇಜಿಗೋ ಹೋಗಿ ಮೂರು ವಿಷಯ ಕೇಳಿಕೊಂಡು ಬರಲು ಹೇಳಿ: ಅಲ್ಲಿ ಬಳಸುವ ಹತ್ತು ಸಲಕರಣೆಗಳ ಹೆಸರೇನು, ಬೋಲ್ಟು ಸಾಕಷ್ಟು ಬಿಗಿಯಾಯಿತೆಂದು ಮೆಕ್ಯಾನಿಕ್ ಹೇಗೆ ತಿಳಿಯುತ್ತಾರೆ, ಥ್ರೆಡ್ಡು ಹೋದ ಬೋಲ್ಟೊಂದನ್ನು ಶಾಲೆಗೆ ಒಯ್ಯಲು ಕೊಡುವರೇ. ಮೂರನೆಯದಕ್ಕೆ ಇಲ್ಲವೆನ್ನುವ ಅಂಗಡಿ ಅಪರೂಪ. ಒಂದು ಡಬ್ಬಿಯ ತುಂಬ ಅಂಥವು ಎಲ್ಲರಲ್ಲಿಯೂ ಇರುತ್ತವೆ.