ಬಿಳಿ ಸಬ್‌ವೇ ಟೈಲ್ಸ್ ಆರಿಸುವಾಗ

ಸಬ್‌ವೇ ಟೈಲ್ಸ್ ಹೆಸರು ಪಡೆದದ್ದು 1904ರಲ್ಲಿ ಶುರುವಾದ ನ್ಯೂಯಾರ್ಕ್‌ನ ಸುರಂಗ ರೈಲಿನಿಂದ. ವಾಸ್ತುಶಿಲ್ಪಿಗಳಾದ ಹೈನ್ಸ್ ಮತ್ತು ಲಾಫಾರ್ಜ್ ನಿಲ್ದಾಣಗಳ ಗೋಡೆಗೆ 3 ಇಂಚು ಅಗಲ, 6 ಇಂಚು ಉದ್ದದ ಬಿಳಿ ಟೈಲ್ಸ್ ಹಾಕಿಸಿದರು. ನೆಲದಡಿಯ ಮಂದ ಬೆಳಕನ್ನು ಅವು ಹೆಚ್ಚಿಸುತ್ತಿದ್ದವು. ಒರೆಸಿದರೆ ಸಾಕು, ಸ್ವಚ್ಛ. ಅಡುಗೆಮನೆಗೆ ಬೇಕಿರುವುದೂ ಇವೇ ಗುಣಗಳು.

ಎಲ್ಲ ಬಿಳಿಯೂ ಒಂದೇ ಅಲ್ಲ. ಕೆಲವಕ್ಕೆ ನೀಲಿ ಛಾಯೆ, ಕೆಲವಕ್ಕೆ ಕೆನೆಯ ಛಾಯೆ; ಬ್ಯಾಚ್ ಬದಲಾದರೂ ಬಣ್ಣ ಬದಲಾದೀತು. ಹಾಗಾಗಿ ಶೇ 10ರಷ್ಟು ಹೆಚ್ಚಿಗೆ ಸೇರಿಸಿ, ಒಂದೇ ಬ್ಯಾಚಿನವನ್ನು ಕೊಳ್ಳುವುದು ವಾಡಿಕೆ. ಒಲೆಯ ಹಿಂದಿನ ಗೋಡೆಗೆ ಹೊಳಪಿನ, ಸಪಾಟಾದ ಟೈಲ್ಸೇ ಸರಿ.

ನಿಜವಾದ ಪರೀಕ್ಷೆ ಸಂದುಗಳದ್ದು. ಟೈಲ್ಸ್ ಚಿಕ್ಕದಾದಷ್ಟೂ ಸಂದು ಹೆಚ್ಚು. ಅಲ್ಲಿ ಬಿಳಿ ಸಿಮೆಂಟ್ ತುಂಬಿದರೆ ಒಗ್ಗರಣೆಯ ಎಣ್ಣೆ, ಅರಿಶಿನ ಕಲೆಯಾಗಿ ನಿಲ್ಲುತ್ತವೆ. ತಿಳಿ ಬೂದುಬಣ್ಣದ ಎಪಾಕ್ಸಿ ಗ್ರೌಟ್ ದುಬಾರಿ ನಿಜ, ಆದರೆ ಅದು ಸುಲಭಕ್ಕೆ ಜಿಡ್ಡು ಹೀರುವುದಿಲ್ಲ.