ಕವಲಿನಲ್ಲೇ ಏಕೆ ಕಟ್ಟಿಕೊಳ್ಳುತ್ತದೆ?

ಆಂಜಿಯೋಗ್ರಾಂ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ನಾವು ಬಾಯಿಮಾತಿನಲ್ಲಿ ‘ಬ್ಲಾಕ್’ ಎನ್ನುವ ಅಡಚಣೆ ರಕ್ತನಾಳದ ಉದ್ದಕ್ಕೂ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ನಾಳ ಎರಡಾಗಿ ಒಡೆಯುವ ಕವಲು, ಬಾಗುವ ತಿರುವಿನ ಒಳಮೈ, ಹೆಚ್ಚಾಗಿ ಅಲ್ಲೇ. ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ಕೆರೋಟಿಡ್ ಅಪಧಮನಿಯನ್ನೇ ನೋಡಿ. ನೇರವಾಗಿ ಸಾಗುವ ಭಾಗ ವಯಸ್ಸಾದವರಲ್ಲೂ ಬಹುಮಟ್ಟಿಗೆ ನುಣುಪಾಗಿರುತ್ತದೆ. ಅದು ಸೀಳಿ ಎರಡಾಗುವ ಜಾಗದ ಹೊರಗೋಡೆಯಲ್ಲಿ ಕೊಬ್ಬಿನ ದಿಬ್ಬ ಎದ್ದಿರುತ್ತದೆ. ಹರಿಯುವ ರಕ್ತ ಎರಡೂ ಕಡೆ ಒಂದೇ. ಅದರಲ್ಲಿರುವ ಕೊಲೆಸ್ಟ್ರಾಲ್, ಸಕ್ಕರೆ, ಸಿಗರೇಟಿನ ವಿಷ ಎಲ್ಲವೂ ಒಂದೇ. ಹಾಗಿದ್ದ ಮೇಲೆ ಕಾಯಿಲೆಗೆ ಮಾತ್ರ ಈ ಜಾಗದ ಆಯ್ಕೆ ಏಕೆ?

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಅಮೆರಿಕದ ಬಾಸ್ಟನ್ ನಗರದ ರೋಗಶಾಸ್ತ್ರಜ್ಞ ಮೈಕೇಲ್ ಗಿಂಬ್ರೋನ್ ಮುಖ್ಯರು. ತಮಾಷೆಯೆಂದರೆ ಅವರು ಮೊದಲು ಹೊರಟಿದ್ದು ಹೃದಯದ ಕಡೆಗಲ್ಲ, ಕ್ಯಾನ್ಸರಿನ ಕಡೆಗೆ. ವೃತ್ತಿಯ ಆರಂಭದಲ್ಲಿ ಅವರು ಕೆಲಸ ಮಾಡಿದ್ದು ಮಕ್ಕಳ ಶಸ್ತ್ರಚಿಕಿತ್ಸಕ ಜೂಡಾ ಫೋಕ್‌ಮನ್ ಅವರ ಪ್ರಯೋಗಾಲಯದಲ್ಲಿ. ಗಡ್ಡೆ ಬೆಳೆಯಬೇಕಾದರೆ ಅಕ್ಕಪಕ್ಕದ ರಕ್ತನಾಳಗಳನ್ನು ತನ್ನತ್ತ ಕರೆಸಿಕೊಳ್ಳಬೇಕು, ನಾಳ ಬಾರದಿದ್ದರೆ ಅದು ಒಂದೆರಡು ಮಿಲಿಮೀಟರಿಗೇ ನಿಂತುಬಿಡುತ್ತದೆ ಎಂದು ಫೋಕ್‌ಮನ್ 1971ರಲ್ಲಿ ಬರೆದಾಗ ನಂಬಿದವರು ಕಡಿಮೆ. ನಂಬಿಸಬೇಕಾದರೆ ಕಣ್ಣಾರೆ ತೋರಿಸಬೇಕಿತ್ತು. ಅದಕ್ಕೆ ಒದಗಿಬಂದದ್ದು ಮೊಲದ ಕಣ್ಣು.

ಕಣ್ಣಿನ ಮುಂದಿನ ಪಾರದರ್ಶಕ ಪಟಲವಾದ ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲ. ಅದಕ್ಕೇ ಅದು ಅಷ್ಟು ತಿಳಿ. ಅಲ್ಲಿ ಒಂದೇ ಒಂದು ಹೊಸ ನಾಳ ಮೊಳೆತರೂ ಬಿಳಿಯ ಮೇಲೆ ಕೆಂಪು ಗೆರೆಯಂತೆ ಗೊತ್ತಾಗಿಬಿಡುತ್ತದೆ. ಗಿಂಬ್ರೋನ್ ಮತ್ತು ಸಂಗಡಿಗರು ಕಾರ್ನಿಯಾದೊಳಗೆ ಸಣ್ಣ ಜೇಬು ಕೊರೆದು ಗಡ್ಡೆಯ ಚೂರನ್ನು ಇಟ್ಟರು. ಕೆಲವೇ ದಿನಗಳಲ್ಲಿ ಕಣ್ಣಿನ ಅಂಚಿನ ನಾಳಗಳು ಕವಲೊಡೆದು, ಬೇರೆ ಯಾವ ದಿಕ್ಕಿಗೂ ಹೋಗದೆ, ನೇರ ಆ ಚೂರಿನ ಕಡೆಗೇ ಹೊರಟವು. ಅದಕ್ಕೂ ಮೊದಲು, 1972ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಗಡ್ಡೆಯ ಚೂರನ್ನು ಕಣ್ಣಿನ ಮುಂಕೋಣೆಯ ನೀರಿನಲ್ಲಿ, ನಾಳಗಳಿಂದ ದೂರ ಇಟ್ಟಿದ್ದರು. ಅದು ಆರು ವಾರವಾದರೂ ಬೆಳೆಯದೆ ಕೂತಿತ್ತು, ಸತ್ತಿರಲಿಲ್ಲ, ಸುಮ್ಮನಿತ್ತು. ಅದನ್ನೇ ತೆಗೆದು ಕಣ್ಣಿನ ಬಣ್ಣದ ಪಟಲವಾದ, ನಾಳಗಳು ತುಂಬಿದ ಐರಿಸ್ ಮೇಲೆ ಇಟ್ಟದ್ದೇ ತಡ, ನಾಗಾಲೋಟದಲ್ಲಿ ಬೆಳೆಯಿತು. ಇಂದು ಕ್ಯಾನ್ಸರಿಗೂ ಸಕ್ಕರೆ ಕಾಯಿಲೆಯವರ ಕಣ್ಣಿಗೂ ಕೊಡುವ, ನಾಳ ಬೆಳೆಯದಂತೆ ತಡೆಯುವ ಚುಚ್ಚುಮದ್ದುಗಳ ವಂಶಾವಳಿ ಹುಡುಕುತ್ತ ಹೋದರೆ ಈ ಮೊಲಗಳ ತನಕ ಬಂದು ಮುಟ್ಟಬಹುದು.

ಹೊಸ ನಾಳ ಮೊಳೆಯುವುದು ಎಂದರೆ ಮೂಲತಃ ಏನು? ನಾಳದ ಒಳಮೈಗೆ ಹಾಸಿರುವ ಜೀವಕೋಶಗಳು ಎದ್ದು ಹೊರಡುವುದು. ಈ ಹಾಸಿಗೆ ಎಂಡೋಥೀಲಿಯಂ. ದಪ್ಪ ಒಂದೇ ಕೋಶದಷ್ಟು. ದೇಹದ ಪ್ರತಿ ರಕ್ತನಾಳದ ಒಳಗೂ, ಹೃದಯದ ಒಳಗೂ ಇದೇ. ಆದರೆ 1970ರ ಸುಮಾರಿಗೆ ಇದನ್ನು ಗಂಭೀರವಾಗಿ ತೆಗೆದುಕೊಂಡವರು ಬೆರಳೆಣಿಕೆಯಷ್ಟು. ರಕ್ತ ಸೋರದಂತೆ ತಡೆಯುವ ಪೊರೆ, ಅಷ್ಟೆ ಎಂಬ ಅಸಡ್ಡೆ. ಅದನ್ನು ಬೇರೆಯಾಗಿ ಬೆಳೆಸಿ ನೋಡುವ ನೆಚ್ಚಬಹುದಾದ ದಾರಿಯೂ ಗೊತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಹೆರಿಗೆ ವಾರ್ಡಿನಲ್ಲಿ. ಮಗು ಹುಟ್ಟಿದ ಮೇಲೆ ಕಸಕ್ಕೆ ಹೋಗುವ ಹೊಕ್ಕುಳಬಳ್ಳಿಯಲ್ಲಿ ಒಂದು ದೊಡ್ಡ ಅಭಿಧಮನಿ ಇರುತ್ತದೆ. ಅದರೊಳಗೆ ಕೊಲಾಜೆನೇಸ್ ಎಂಬ ಕಿಣ್ವವನ್ನು ತುಂಬಿ ಸ್ವಲ್ಪ ಹೊತ್ತು ಬಿಟ್ಟರೆ ಒಳಮೈಯ ಕೋಶಗಳು ಕಳಚಿಕೊಂಡು ಬರುತ್ತವೆ. 1973ರಲ್ಲಿ ನ್ಯೂಯಾರ್ಕಿನಲ್ಲಿ ಎರಿಕ್ ಜಾಫಿ, ಅದರ ಮರುವರ್ಷ ಬಾಸ್ಟನ್ನಿನಲ್ಲಿ ಗಿಂಬ್ರೋನ್, ಹೀಗೆ ತೆಗೆದ ಮನುಷ್ಯರ ಎಂಡೋಥೀಲಿಯಂ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದ್ದನ್ನು ಪ್ರಕಟಿಸಿದರು. ಎಸೆಯುವ ವಸ್ತುವಿನಿಂದ ಒಂದು ಶಾಸ್ತ್ರವೇ ಶುರುವಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಜಗತ್ತಿನ ಪ್ರಯೋಗಾಲಯಗಳಲ್ಲಿ ಈಗಲೂ ಹೊಕ್ಕುಳಬಳ್ಳಿಯ ಕೋಶಗಳದೇ ಬಳಕೆ.

ತಟ್ಟೆಯಲ್ಲಿ ಬೆಳೆದ ಕೋಶಗಳಿಗೆ ಒಂದು ಕೊರತೆ ಇತ್ತು: ಅವುಗಳ ಮೇಲೆ ಏನೂ ಹರಿಯುತ್ತಿರಲಿಲ್ಲ. ಹುಟ್ಟಿದಂದಿನಿಂದ ರಕ್ತದ ಉಜ್ಜಾಟದಲ್ಲೇ ಬದುಕುವ ಕೋಶವನ್ನು ನಿಂತ ನೀರಲ್ಲಿಟ್ಟು ಅದರ ಸ್ವಭಾವ ಹೇಳುವುದು ಹೇಗೆ? ಇಲ್ಲಿ ಗಿಂಬ್ರೋನ್ ಜೊತೆಯಾದವರು ಎಂಐಟಿಯ ಎಂಜಿನಿಯರ್ ಫೋರ್ಬ್ಸ್ ಡ್ಯೂಯಿ. ಅವರು ಬಳಸಿದ ಯಂತ್ರದ ಸರಳತೆ ನನಗೆ ಬಹಳ ಇಷ್ಟ. ಕೆಳಗೆ ಚಪ್ಪಟೆ ತಟ್ಟೆ, ಅದರ ಮೇಲೆ ಕೋಶಗಳ ಹಾಸು, ಮೇಲೆ ದ್ರವ. ದ್ರವದಲ್ಲಿ ಮುಳುಗಿದಂತೆ ತೀರಾ ಚಪ್ಪಟೆಯಾದ ಶಂಕು, ತುದಿ ಕೆಳಮುಖವಾಗಿ, ತಟ್ಟೆಗೆ ತಾಗದಂತೆ ತಿರುಗುತ್ತದೆ. ಬೀಸುವ ಕಲ್ಲನ್ನು ನೆನೆಯಿರಿ. ಕೆಳಗಲ್ಲು ಅಲ್ಲಾಡದು, ಮೇಲಿನದು ಸುತ್ತುತ್ತದೆ, ನಡುವೆ ಸಿಕ್ಕಿದ್ದು ಉಜ್ಜಿಸಿಕೊಳ್ಳುತ್ತದೆ.

ಮೇಲಿನದು ಸಪಾಟಾಗಿರದೆ ಶಂಕುವಾಗಿರುವುದರಲ್ಲೇ ಜಾಣ್ಮೆ ಇದೆ. ತಿರುಗುವ ವಸ್ತುವಿನ ಅಂಚು ನಡುಭಾಗಕ್ಕಿಂತ ಜೋರಾಗಿ ಓಡುತ್ತದೆ. ಸಪಾಟು ಬಿಲ್ಲೆಯಾಗಿದ್ದರೆ ಅಂಚಿನ ಕೋಶಗಳಿಗೆ ಹೆಚ್ಚು ಉಜ್ಜು, ನಡುವಿನವಕ್ಕೆ ಕಡಿಮೆ. ಶಂಕುವಿನಲ್ಲಿ ನಡುವಿನಿಂದ ಅಂಚಿಗೆ ಹೋದಂತೆ ವೇಗ ಎಷ್ಟು ಪಟ್ಟು ಏರುತ್ತದೋ ತಟ್ಟೆಯಿಂದ ಅದರ ಅಂತರವೂ ಅಷ್ಟೇ ಪಟ್ಟು ಏರುತ್ತದೆ. ಎರಡೂ ಸರಿಹೋಗಿ ಪ್ರತಿ ಕೋಶಕ್ಕೂ ಸಮಾನ ಎಳೆತ. 1981ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನಿಂತ ದ್ರವದಲ್ಲಿ ಬಹುಭುಜಗಳಂತೆ ಅಡ್ಡಾದಿಡ್ಡಿ ಒತ್ತಿಕೊಂಡಿದ್ದ ಕೋಶಗಳು ಹರಿವು ಶುರುವಾದ ಕೆಲ ದಿನಗಳಲ್ಲೇ ಉದ್ದುದ್ದವಾಗಿ ಚಾಚಿ, ಹರಿವಿನ ದಿಕ್ಕಿಗೆ ಸಾಲುಹಿಡಿದವು. ನೇರ ಅಪಧಮನಿಯ ಒಳಗೂ ಅವು ಹೀಗೇ ಇರುತ್ತವೆ. ಕವಲಿನ ಬಳಿ ಇರುವುದಿಲ್ಲ.

ಮುಂದಿನ ವರ್ಷಗಳಲ್ಲಿ ಗಿಂಬ್ರೋನ್ ತಂಡ ಆಕಾರ ಬಿಟ್ಟು ಜೀನುಗಳಿಗೆ ಕೈಹಾಕಿತು. ಒಂದೇ ಸಮನೆ ಹರಿಯುವಾಗ ಕೋಶಗಳು ಕೆಲವು ರಕ್ಷಕ ಜೀನುಗಳನ್ನು ಸದಾ ಚಾಲೂ ಇಡುತ್ತವೆ ಎಂದು 1996ರಲ್ಲಿ ಕಂಡಿತು: ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ, ಆಕ್ಸಿಜನ್ನಿನ ಉಗ್ರ ರೂಪಗಳನ್ನು ತಣಿಸುವ ಇನ್ನೊಂದು, ಮತ್ತು ಕಾಕ್ಸ್-2 ಎಂಬ ಮೂರನೆಯ ಕಿಣ್ವ. ಹರಿವು ಗಡಿಬಿಡಿಯಾದರೆ ಇವು ಹಾಗೆ ಏರುವುದಿಲ್ಲ. (ಕಾಕ್ಸ್-2 ತಡೆದು ಕೀಲುನೋವು ಇಳಿಸುತ್ತಿದ್ದ ರೊಫೆಕಾಕ್ಸಿಬ್ ಮಾತ್ರೆಯನ್ನು ಹೃದಯಾಘಾತ ಹೆಚ್ಚಿಸುತ್ತದೆಂದು 2004ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಆಗ ಈ ಪಟ್ಟಿಯನ್ನು ನೆನಪಿಸಿಕೊಂಡವರು ಇದ್ದೇ ಇರಬೇಕು.) 2004ರಲ್ಲೇ ಗಿಂಬ್ರೋನ್ ತಂಡದವರು ಮನುಷ್ಯರ ಕೆರೋಟಿಡ್ ನಾಳದಲ್ಲಿ ಹರಿವು ಪ್ರತಿ ಬಡಿತಕ್ಕೂ ಹೇಗೆ ಏರಿಳಿಯುತ್ತದೆ ಎಂಬುದನ್ನು ಶಂಕುವಿಗೆ ಹೇಳಿಕೊಟ್ಟರು. ನೇರ ಭಾಗದ ಲಯದಲ್ಲಿ ತಿರುಗಿಸಿದಾಗ ಕೋಶಗಳು ಶಾಂತ. ಕವಲಿನ ಲಯದಲ್ಲಿ, ಅಂದರೆ ನಿಧಾನವಾಗಿ ಹಿಂದುಮುಂದು ತೊಯ್ದಾಡಿಸಿದಾಗ, ಅವು ಉರಿಯೂತಕ್ಕೆ ಸಜ್ಜಾದ ಸ್ಥಿತಿಗೆ ಬಂದವು. ಹೆಚ್ಚುವರಿ ಕೊಲೆಸ್ಟ್ರಾಲನ್ನು ಅಲ್ಲಿ ಸೇರಿಸಿರಲೇ ಇಲ್ಲ!

ಕೊಲೆಸ್ಟ್ರಾಲ್ ಬಂದರೆ? ಇಲ್ಲಿ ಮತ್ತೆ ಮೊಲ. 1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೊಲಾಯ್ ಅನಿಚ್ಕೋವ್ ಶುದ್ಧ ಕೊಲೆಸ್ಟ್ರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿ, ಅವುಗಳ ಅಪಧಮನಿಯಲ್ಲಿ ಮನುಷ್ಯರದಕ್ಕೆ ಹೋಲುವ ಕೊಬ್ಬಿನ ದಿಬ್ಬಗಳನ್ನು ಬರಿಸಿದ್ದರು. ಇಲಿಗೂ ನಾಯಿಗೂ ತಿನ್ನಿಸಿದಾಗ ಹಾಗಾಗಲಿಲ್ಲ. ಅವು ಹೆಚ್ಚುವರಿ ಕೊಲೆಸ್ಟ್ರಾಲನ್ನು ಪಿತ್ತಾಮ್ಲವಾಗಿ ಮಾರ್ಪಡಿಸಿ ಸಾಗಹಾಕುತ್ತವೆ. ಹುಲ್ಲು ತಿನ್ನುವ ಮೊಲದ ಆಹಾರದಲ್ಲಿ ಕೊಲೆಸ್ಟ್ರಾಲೇ ಇಲ್ಲ, ಅದರ ದೇಹಕ್ಕೆ ನಿಭಾಯಿಸುವ ಅಭ್ಯಾಸವೂ ಇಲ್ಲ. ಹೀಗಾಗಿ ‘ಮೊಲದ ಮಾತು ಮನುಷ್ಯನಿಗೆ ಹೊಂದದು’ ಎಂದು ಬಹುಕಾಲ ಆ ಕೆಲಸವನ್ನು ಮೂಲೆಗೆ ತಳ್ಳಿದ್ದರು. ಗಿಂಬ್ರೋನ್ ಮತ್ತು ಅವರ ಸಹೋದ್ಯೋಗಿ ಮೈರಾನ್ ಸಿಬುಲ್ಸ್ಕಿ ಅದೇ ಜಾಡಿನಲ್ಲಿ ಮೊಲಗಳಿಗೆ ಕೊಲೆಸ್ಟ್ರಾಲ್ ಕೊಟ್ಟು ನೋಡಿದರು. ದಿಬ್ಬ ಶುರುವಾಗುವ ತಾಣಗಳ ಎಂಡೋಥೀಲಿಯಂ ಮೇಲೆ ಮಾತ್ರ ಒಂದು ಅಂಟು ಪ್ರೋಟೀನ್ ಮೂಡಿತ್ತು. 1991ರಲ್ಲಿ ಪ್ರಕಟವಾದ ಈ ಶೋಧದ ಅಣುವಿಗೆ ಈಗ ವಿಕ್ಯಾಮ್-1 ಎಂದು ಹೆಸರು. ಸಾಗಿಹೋಗುವ ಬಿಳಿ ರಕ್ತಕಣಗಳು ಅದಕ್ಕೆ ಸಿಕ್ಕಿ ನಿಂತು, ಗೋಡೆಯೊಳಗೆ ನುಸುಳಿ, ಅಲ್ಲಿನ ಕೊಬ್ಬನ್ನು ನುಂಗಿ ಉಬ್ಬುತ್ತವೆ. ಗೋಡೆಯ ಒಳಮೈ ಕಿತ್ತುಹೋಗಿ ಗಾಯವಾಗುವುದರಿಂದ ಕಾಯಿಲೆ ಶುರು ಎಂಬುದು ಅದಕ್ಕೂ ಹಿಂದಿನ ಬಲವಾದ ವಾದ. ಇಲ್ಲಿ ಒಳಮೈ ಎಲ್ಲಿಗೂ ಹೋಗಿರಲಿಲ್ಲ. ಅದು ಜಾಗದಲ್ಲೇ ಇದ್ದು ಬಾಗಿಲು ತೆರೆದಿತ್ತು.

ಕವಲಿನ ಕಥೆ ಇಷ್ಟು. ಆದರೆ ಫೋಕ್‌ಮನ್ನರ ಪ್ರಯೋಗಾಲಯದ ಪಾಠ ಇಲ್ಲಿ ಇನ್ನೊಮ್ಮೆ ತಲೆ ಹಾಕುತ್ತದೆ. ಅಪಧಮನಿಯ ಗೋಡೆಯ ಒಳಭಾಗಕ್ಕೆ ಆಕ್ಸಿಜನ್ ಸಿಗುವುದು ಪಕ್ಕದಲ್ಲೇ ಹರಿಯುವ ರಕ್ತದಿಂದ. ಹೊರಭಾಗಕ್ಕೆ ಗೋಡೆಯದೇ ಆದ ಕಿರುನಾಳಗಳಿಂದ. ಕೊಬ್ಬಿನ ದಿಬ್ಬ ದಪ್ಪವಾದಂತೆ ಅದರ ಗರ್ಭ ಉಸಿರುಗಟ್ಟುತ್ತದೆ. ಆಗ ಅದೂ ಗಡ್ಡೆಯ ಹಾಗೆಯೇ ನಾಳಗಳನ್ನು ಕರೆಯುತ್ತದೆ, ಹೊರಗೋಡೆಯ ಕಿರುನಾಳಗಳು ಒಳಗೆ ಮೊಳೆಯುತ್ತವೆ. ಅವಸರದಲ್ಲಿ ಬೆಳೆದ ಅವು ಸೋರುತ್ತವೆ. ಸೋರಿದ ಕೆಂಪು ರಕ್ತಕಣಗಳ ಪೊರೆಯಲ್ಲಿ ಕೊಲೆಸ್ಟ್ರಾಲ್ ಹೇರಳ. ಅದೂ ದಿಬ್ಬಕ್ಕೆ ಸೇರುತ್ತದೆ. ಹೃದಯದ ರಕ್ತನಾಳಗಳ ಕಾಯಿಲೆಯಿಂದ ಹಠಾತ್ತನೆ ಸತ್ತವರ ನಾಳಗಳನ್ನು ಪರೀಕ್ಷಿಸಿದ ಭಾರತೀಯ ಮೂಲದ ರೋಗಶಾಸ್ತ್ರಜ್ಞೆ ರೇಣು ವೀರ್ಮಾನಿ ಮತ್ತು ಸಹೋದ್ಯೋಗಿಗಳು 2003ರಲ್ಲಿ ಈ ಒಳಸೋರಿಕೆಯ ಪಾತ್ರವನ್ನು ಎತ್ತಿ ತೋರಿದರು.

ನಾಳ ಬೆಳೆಯದಂತೆ ತಡೆದರಾಯಿತಲ್ಲ? ಫೋಕ್‌ಮನ್ ತಂಡವೇ 1999ರಲ್ಲಿ ಪುಟ್ಟ ಇಲಿಗಳಲ್ಲಿ ಹಾಗೆ ಮಾಡಿ ದಿಬ್ಬದ ಬೆಳವಣಿಗೆಯನ್ನು ಬಹಳಷ್ಟು ತಗ್ಗಿಸಿತು. ಮನುಷ್ಯರಲ್ಲಿ ಅಷ್ಟು ಸಲೀಸಲ್ಲ. ಕ್ಯಾನ್ಸರಿಗೆ ಕೊಡುವ ನಾಳತಡೆ ಔಷಧ ಬೆವಾಸಿಜುಮ್ಯಾಬ್ ಪಡೆದವರಲ್ಲಿ ಅಪಧಮನಿಗಳಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಏಕೆಂದರೆ ನಾಳ ಬೆಳೆಸುವ ಸಂಕೇತವೇ ಇರುವ ನಾಳದ ಒಳಮೈಯನ್ನೂ ಆರೋಗ್ಯವಾಗಿಡುತ್ತದೆ. ತದ್ವಿರುದ್ಧವಾಗಿ, ಬ್ಲಾಕ್ ಆದ ಹೃದಯಕ್ಕೆ ಆ ಸಂಕೇತವನ್ನೇ ಸುರಿದು ಪಕ್ಕದಾರಿ ಬೆಳೆಸುವ ಪ್ರಯತ್ನವೂ ನಡೆಯಿತು. ದೊಡ್ಡ ಪರೀಕ್ಷೆಗಳಲ್ಲಿ ನಿರೀಕ್ಷಿಸಿದ ಫಲ ಸಿಗಲಿಲ್ಲ.

ಸದ್ಯಕ್ಕೆ ಇದೆಲ್ಲ ನಮ್ಮ ನಿಮ್ಮ ಮನೆಯೊಳಗೆ ಬರುವುದು ಬ್ಲಾಕ್ ಆದ ನಾಳವನ್ನು ತೆರೆದಿಡುವ ಲೋಹದ ಜಾಲರಿಯಾದ ಸ್ಟೆಂಟಿನ ರೂಪದಲ್ಲಿ. ಔಷಧ ಲೇಪಿಸಿದ ಸ್ಟೆಂಟ್ ನಾಳದ ಸ್ನಾಯುಕೋಶಗಳು ಮತ್ತೆ ಬೆಳೆದು ದಾರಿ ಮುಚ್ಚದಂತೆ ತಡೆಯುತ್ತದೆ. ಅದೇ ಔಷಧ ಎಂಡೋಥೀಲಿಯಂ ಬಂದು ಲೋಹದ ತಂತಿಯನ್ನು ಹೊದೆಯುವುದನ್ನೂ ನಿಧಾನಿಸುತ್ತದೆ. ಬರಿಯ ಲೋಹ ರಕ್ತಕ್ಕೆ ತಾಗುತ್ತಿರುವಷ್ಟು ಕಾಲ ಅಲ್ಲಿ ಹೆಪ್ಪುಗಟ್ಟುವ ಅಪಾಯವಿದೆ. ಆಸ್ಪಿರಿನ್ ಜೊತೆಗೆ ಇನ್ನೊಂದು ರಕ್ತ ತೆಳುಮಾಡುವ ಮಾತ್ರೆಯನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಿ ಎಂದು ವೈದ್ಯರು ಹೇಳುವುದು, ಹಲ್ಲು ಕೀಳಿಸುವ ಮುನ್ನ ‘ನಾಲ್ಕು ದಿನ ಬಿಟ್ಟರೇನು’ ಎಂದು ತಾವಾಗಿಯೇ ನಿಲ್ಲಿಸಿದರೆ ಗದರುವುದು ಈ ಒಂದು ಕೋಶದ ಹಾಸು ಇನ್ನೂ ಪೂರ್ತಿ ಬಂದಿರಲಾರದು ಎಂಬ ಕಾರಣಕ್ಕೆ.