ನಿಮಗಿದು ಗೊತ್ತೇ? ಸಂವಿಧಾನದ ಬುನಾದಿ ಮತ್ತು ನಮ್ಮ ಕಡೆಯ ಹೆಸರುಗಳು

● ಭಾರತ ಸಂವಿಧಾನದ ಮೊಟ್ಟಮೊದಲ ಕರಡನ್ನು ಸಿದ್ಧಪಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದರೇ ಹೊರತು ಅವರು ಸಭೆಯ ಸದಸ್ಯರಲ್ಲ. ಸಂವಿಧಾನದ ಶ್ರೇಯಸ್ಸಿನಲ್ಲಿ ರಾಯರಿಗೂ ಪಾಲಿದೆ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಭೆಯಲ್ಲೇ ಹೇಳಿದರು.

● ಪ್ರಸ್ತಾವನೆಯ ಮೂಲ, ನೆಹರೂ 1946ರ ಡಿಸೆಂಬರ್ 13ರಂದು ಮಂಡಿಸಿದ ಧ್ಯೇಯಗಳ ನಿರ್ಣಯ. ನ್ಯಾಯ, ಸ್ವಾತಂತ್ರ್ಯ, ಸಮಾನತೆ ಮೂರೂ ಅದರಲ್ಲಿದ್ದವು. ಇಲ್ಲದ್ದು ಭ್ರಾತೃತ್ವ. ಅದನ್ನು ಸೇರಿಸಿದ್ದು ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ.

● ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದೇ ಶುರುವಾಗಲಿ ಎಂದು ಪಟ್ಟು ಹಿಡಿದವರು ಎಚ್.ವಿ. ಕಾಮತ್. ಇವರು ಹುಟ್ಟಿದ್ದೂ ಮಂಗಳೂರಿನಲ್ಲೇ! ಹಾಗಾದರೆ ದೇವಿಯನ್ನು ಬಿಡುವುದೇಕೆ ಎಂದು ಶಾಕ್ತ ಪಂಥದ ಪರವಾಗಿ ಎದ್ದು ನಿಂತರು ರೋಹಿಣಿ ಕುಮಾರ್ ಚೌಧರಿ. ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಎನ್ನುವ ಪ್ರಸ್ತಾವನೆಯೇ ನಂಬಿಕೆಯನ್ನು ಹೇರಬಾರದು ಎಂಬುದು ಹೃದಯನಾಥ ಕುಂಜ್ರು ಅವರ ವಾದ. ಕೊನೆಗೆ ಮತಕ್ಕೆ ಹಾಕಿದರು: ದೇವರ ಪರ 41, ವಿರುದ್ಧ 68. ವಿರುದ್ಧ ಮತ ಹಾಕಿದವರೆಲ್ಲ ನಾಸ್ತಿಕರೇನೂ ಆಗಿರಲಿಲ್ಲ.

● ‘ಸಮಾಜವಾದಿ’, ‘ಜಾತ್ಯತೀತ’ ಪದಗಳು ಪ್ರಸ್ತಾವನೆಯಲ್ಲಿ ಮೊದಲಿಗೆ ಇರಲಿಲ್ಲ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದವು.

● ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಈ ತೀರ್ಪಿಗೆ ಕಾರಣರಾದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ಹೌದು, ಯಕ್ಷಗಾನಕ್ಕೆ ಹೆಸರಾದ ಅದೇ ಮಠ. ಕೇರಳದ ಭೂಸುಧಾರಣೆಯಿಂದ ಮಠದ ಭೂಮಿ ಹೋಗುತ್ತದೆಂದು ಅವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು 7–6ರ ಅಂತರದಲ್ಲಿ ತೀರ್ಪು ಬಂತು. ಒಬ್ಬರೇ ಒಬ್ಬರು ಆ ಕಡೆ ವಾಲಿದ್ದರೆ ಇಂದಿನ ಸಂವಿಧಾನದ ಗತಿಯೇ ಬೇರೆ! ತಮಾಷೆಯೆಂದರೆ, ಸ್ವಾಮೀಜಿ ಕೇಳಿದ್ದ ಪರಿಹಾರ ಮಾತ್ರ ಅವರಿಗೆ ಸಿಗಲಿಲ್ಲ.

● ಮೂಲಭೂತ ಹಕ್ಕು ದೊಡ್ಡದೋ, ರಾಜ್ಯನೀತಿಯ ನಿರ್ದೇಶಕ ತತ್ತ್ವ ದೊಡ್ಡದೋ? ಎರಡರ ಸಮತೋಲವೇ ಸಂವಿಧಾನದ ಬುನಾದಿ ಎಂದದ್ದು 1980ರ ಮಿನರ್ವಾ ಮಿಲ್ಸ್ ತೀರ್ಪು. ಮಿನರ್ವಾ ನಮ್ಮ ಬೆಂಗಳೂರಿನಲ್ಲಿದ್ದ ಬಟ್ಟೆ ಗಿರಣಿ.

● ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದ್ದು ಶಾಸನಸಭೆಯಲ್ಲಿ, ರಾಜಭವನದಲ್ಲಲ್ಲ. 1989ರಲ್ಲಿ ವಜಾಗೊಂಡ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೀಗೆಂದಿತು. ಜಾತ್ಯತೀತತೆಯೂ ಮೂಲ ಸ್ವರೂಪದ ಭಾಗವೆಂದು ಸಾರಿದ್ದು ಇದೇ ತೀರ್ಪು. ವಜಾ ಮಾಡಿದ್ದು ತಪ್ಪೆಂದು ಕೋರ್ಟು ಹೇಳುವ ಹೊತ್ತಿಗೆ 1994 ಬಂದಿತ್ತು. ಆ ವಿಧಾನಸಭೆಯ ಅವಧಿ ಎಂದೋ ಮುಗಿದಿತ್ತು. ನ್ಯಾಯ ದೊರೆಯಿತು, ಕುರ್ಚಿ ದೊರೆಯಲಿಲ್ಲ.

● ಖಾಸಗಿತನದ ಹಕ್ಕು ಎಂದು ಸಂವಿಧಾನದ ಯಾವ ವಿಧಿಯಲ್ಲೂ ಬರೆದಿಲ್ಲ. ಆದರೂ ಅದು ಮೂಲಭೂತ ಹಕ್ಕೇ ಎಂದು ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಈ ತೀರ್ಪಿಗೆ ಕಾರಣವಾದದ್ದು ಆಧಾರ್ ಪ್ರಶ್ನಿಸಿದ ಅರ್ಜಿ; ಅದನ್ನು ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗಲೇ ಅವರಿಗೆ 80 ದಾಟಿತ್ತು. ಮರುವರ್ಷದ ತೀರ್ಪಿನಲ್ಲಿ ಆಧಾರ್ ಉಳಿಯಿತು. ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್‌ಗೂ ಅದನ್ನು ಕಡ್ಡಾಯ ಮಾಡುವುದು ನಿಂತಿತು. ಸಿಮ್ ಅಂಗಡಿಯಲ್ಲಿ ‘ಆಧಾರ್ ಇಲ್ಲದಿದ್ದರೆ ಆಗೋದೇ ಇಲ್ಲ’ ಎಂದರೆ ಪುಟ್ಟಸ್ವಾಮಿಯವರ ಹೆಸರು ಹೇಳಿ ನೋಡಿ.